ಬೆಳೆಯುವ ಮನೆ

ಭಟ್ಕಳದ ಬಂದರಿಗೆ ನೆಲೆಯಾದ ಮಾವಿನಕುರ್ವೆಯಂಥ ಕರಾವಳಿಯ ಊರುಗಳಲ್ಲಿ ಸಂಚರಿಸುವವರಿಗೆ ಒಂದು ನೋಟವು ಪರಿಚಿತವೇ ಆಗಿರಬೇಕು. ಪುಟ್ಟ ತಾರಸಿಯ ಮೇಲೆ, ಮುಂದೆಂದೋ ಎತ್ತಬೇಕಾದ ಮಾಳಿಗೆಗಾಗಿ ಬಿಟ್ಟ ಕಬ್ಬಿಣದ ಸರಳುಗಳು ಆಕಾಶದೆಡೆಗೆ ಚಾಚಿಕೊಂಡಿರುತ್ತವೆ. ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆಯಾಗಲಿ ಎಂಬ ಗೃಹಸ್ಥನ ಆಶೆಯೇ ಆ ಸರಳು. ಆದರೆ ಆಶೆಯು ಕೈಗೂಡುವ ಮೊದಲೇ ಉಪ್ಪುಗಾಳಿಯು ಅದನ್ನು ತಿಂದುಹಾಕುತ್ತದೆ.

ಬಡವರ ಮನೆಗಳ ವಿಷಯದಲ್ಲಿ ಸರಕಾರವು ಕೈಕಟ್ಟಿ ಕುಳಿತಿದೆಯೆಂದು ನಾವು ಹೇಳುವುದಿಲ್ಲ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು, ಅಡಿಗೆಯ ಸ್ಥಳವೂ ಸೇರಿ, ಕನಿಷ್ಠ ೨೫ ಚದರ ಮೀಟರಿನ ಮನೆಯನ್ನು ವಿಧಿಸಿತು. ಆದರೆ ಈ ೨೫ ಮೀಟರು ಮನೆಯ ಆರಂಭವೋ, ಅಂತ್ಯವೋ? ಅಂತ್ಯವೆಂದೇ ಭಾವಿಸಿ ನಕ್ಷೆ ಬರೆದರೆ, ಸಂಸಾರವು ಬೆಳೆದಾಗ ಮನೆಯೊಡೆಯನು ತೋಚಿದ ಕಡೆಗೆ ತಗಡಿನ ಮಾಡನ್ನು ಇಳಿಸುತ್ತಾನೆ. ನೀರು ಹರಿಯುವ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲಿ ಗೋಡೆಯ ಬುಡವೇ ನೆನೆಯುತ್ತದೆ.

ಈ ಪ್ರಶ್ನೆಗೆ ಉತ್ತರವನ್ನು ಅನ್ಯರು ಕಂಡುಕೊಂಡಿದ್ದಾರೆ. ೧೯೮೦ರ ದಶಕದಲ್ಲಿ ಇಂದೂರಿನ ಅರಣ್ಯ ಬಡಾವಣೆಯಲ್ಲಿ ಬಾಲಕೃಷ್ಣ ದೋಶಿಯವರು ಬಡ ಕುಟುಂಬಗಳಿಗೆ ನಿವೇಶನ, ಪಂಚಾಂಗ, ಶೌಚಗೃಹಗಳನ್ನು ಒದಗಿಸಿ, ಉಳಿದುದನ್ನು ಅವರ ಗಳಿಕೆಗೂ ಅನುಕೂಲಕ್ಕೂ ಬಿಟ್ಟರು. ೨೦೦೪ರ ಸುಮಾರಿಗೆ ಚಿಲಿ ದೇಶದ ಇಕೀಕೆ ನಗರದಲ್ಲಿ ಅಲೆಹಾಂಡ್ರೊ ಅರವೇನಾ ಅವರ ಸಂಗಡಿಗರು, ಕುಟುಂಬವೊಂದಕ್ಕೆ ೭,೫೦೦ ಡಾಲರುಗಳ ಸಹಾಯಧನದಲ್ಲಿ, ಬಡವನು ತಾನಾಗಿ ಕಟ್ಟಲಾರದ ಅರ್ಧ ಮನೆಯನ್ನು ಮಾತ್ರ ಕಟ್ಟಿಕೊಟ್ಟರು. ಉಳಿದರ್ಧವನ್ನು ನಿವಾಸಿಗಳೇ ಪೂರೈಸಿದರು.

ನಮ್ಮ ಹಿರಿಯರಿಗೂ ಈ ತತ್ತ್ವವು ಹೊಸದಾಗಿರಲಿಲ್ಲ. ಮೊದಲು ನಡುಮನೆ, ಕೈಯಲ್ಲಿ ಕಾಸು ಕೂಡಿದಾಗ ಜಗಲಿ, ಅನಂತರ ಹಿಂದಕ್ಕೊಂದು ಇಳಿಮಾಡು: ಹೀಗೆ ಚಿರೆಕಲ್ಲು, ಹಂಚುಗಳ ಮನೆಯು ಸಂಸಾರದೊಡನೆಯೇ ಬೆಳೆಯುತ್ತಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಎತ್ತರದ ಪಂಚಾಂಗ, ಕಡಿದಾದ ಮಾಡು, ಗೋಡೆಯಿಂದ ದೂರ ಚಾಚಿದ ಸೂರು ಇವು ಶೃಂಗಾರವಲ್ಲ, ರಕ್ಷಣೆ.

ಆದುದರಿಂದ ಸಹಾಯಧನವು ಮೊದಲು ತಳಕ್ಕೆ ಹೋಗಲಿ. ಮುಂದಿನ ಎರಡು ಕೋಣೆಗಳಿಗೂ ಸಾಲುವಷ್ಟು ಪಂಚಾಂಗ, ಶೌಚಗೃಹ, ನೀರು ಹರಿದುಹೋಗುವ ಕಾಲುವೆ, ಭದ್ರವಾದ ಒಂದು ಕೋಣೆ ಇವಿಷ್ಟು ಮೊದಲಿಗೆ ಆಗಬೇಕು. ಮುಂದೆ ಬಾಗಿಲಾಗುವ ಕಡೆಯಲ್ಲಿ ಈಗಲೇ ಮೇಲೆ ತೊಲೆಯಿಟ್ಟು ಕೆಳಗೆ ಕಲ್ಲು ತುಂಬಿದರೆ, ನಾಳೆ ಗೋಡೆಯನ್ನು ಒಡೆಯುವ ಭಯವಿರದು. ಮೇಲಕ್ಕೆ ಬೆಳೆಯಲೇಬೇಕಾದಲ್ಲಿ ಬಿಟ್ಟ ಸರಳುಗಳ ಮೇಲೆ ಕಾಂಕ್ರೀಟಿನ ಹೊದಿಕೆಯಿರಲಿ.

ಇವೆಲ್ಲಕ್ಕೂ ಮೊದಲು ಸ್ಥಳದ ವಿವೇಚನೆ. ೨೦೨೨ರ ಆಗಸ್ಟ್ ೨ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಿನಡಿ ಅಸುನೀಗಿದುದನ್ನು ತಾಲೂಕು ಮರೆತಿಲ್ಲ. ಅಗ್ಗದ ನೆಲವು ಸಾಮಾನ್ಯವಾಗಿ ಹೊಳೆಯ ದಡದಲ್ಲಿ ಇಲ್ಲವೆ ಕಡಿದ ಗುಡ್ಡದ ಬುಡದಲ್ಲಿ ದೊರೆಯುತ್ತದೆ. ಬಡವನು ಉಳಿಸಿದ ಹಣಕ್ಕೆ ಅಲ್ಲಿ ಪ್ರಾಣವನ್ನೇ ಒತ್ತೆಯಿಡಬೇಕಾಗುತ್ತದೆ.

ಕಟ್ಟಿ ಮುಗಿಸಿದ ಮನೆಗಳ ಲೆಕ್ಕವನ್ನು ಅಧಿಕಾರಿಗಳು ಪ್ರತಿವರ್ಷ ಒಪ್ಪಿಸುತ್ತಾರೆ. ಹತ್ತು ಮಳೆಗಾಲ ಕಳೆದ ಮೇಲೆ ಅವುಗಳಲ್ಲಿ ಎಷ್ಟು ನಿಂತಿವೆ, ಎಷ್ಟು ಬೆಳೆದಿವೆ ಎಂಬ ಲೆಕ್ಕವನ್ನೂ ಅವರು ಇಡಲೆಂಬುದೇ ನಮ್ಮ ಬಿನ್ನಹ.