ಐಸಿಯುವಿನಿಂದ ಊರಿಗೆ ಮರಳಿದ ಮೇಲೆ

2020ರ ಮಾರ್ಚ್ ಕೊನೆಯ ವಾರದಲ್ಲಿ ನಂಜನಗೂಡಿನ ಹೆಸರು ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಅಲ್ಲಿನ ಔಷಧ ಕಾರ್ಖಾನೆಯೊಂದರ ಉದ್ಯೋಗಿಗಳು ಮತ್ತು ಅವರ ಸಂಪರ್ಕಕ್ಕೆ ಬಂದವರು ಸೇರಿ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಕೋವಿಡ್ ಸೋಂಕು ತಗಲಿತ್ತು. ಆರೋಗ್ಯ ಇಲಾಖೆಯ ದೈನಂದಿನ ಪ್ರಕಟಣೆಯಲ್ಲಿ ಸೋಂಕಿತರೆಷ್ಟು, ಬಿಡುಗಡೆಯಾದವರೆಷ್ಟು, ಮೃತರೆಷ್ಟು ಎಂಬ ಲೆಕ್ಕ ಇರುತ್ತಿತ್ತು. ನಂಜನಗೂಡಿನ ಸೋಂಕಿತರಲ್ಲಿ ಹೆಚ್ಚಿನವರ ಕಾಯಿಲೆ ಸೌಮ್ಯವಾಗಿತ್ತು. ಮೇ ತಿಂಗಳ ಹೊತ್ತಿಗೆ ಅವರು ಮನೆ ಸೇರಿದರು. ಆದರೆ ಮರುವರ್ಷ ಎರಡನೆಯ ಅಲೆ ಬಂದಾಗ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದು ಬದುಕಿದವರನ್ನೂ ಇದೇ ‘ಬಿಡುಗಡೆ’ಯ ಲೆಕ್ಕಕ್ಕೇ ಸೇರಿಸಲಾಯಿತು. ಆಸ್ಪತ್ರೆಯ ಪುಸ್ತಕದಲ್ಲಿ ಆ ಪದದ ಅರ್ಥ ಹಾಸಿಗೆ ಖಾಲಿಯಾಯಿತು ಎಂದಷ್ಟೇ. ರೋಗಿಯ ಪಾಲಿಗೆ?

ತಿ. ನರಸೀಪುರ ತಾಲ್ಲೂಕಿನ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವ, ಐವತ್ತರ ಆಸುಪಾಸಿನ ರೈತರೊಬ್ಬರನ್ನು ಊಹಿಸಿಕೊಳ್ಳಿ. ನ್ಯುಮೋನಿಯಾ ಉಲ್ಬಣಿಸಿ ಮೈಸೂರಿನ ಆಸ್ಪತ್ರೆಯಲ್ಲಿ ಎರಡು ವಾರ ವೆಂಟಿಲೇಟರ್ ಮೇಲಿದ್ದು ಮನೆಗೆ ಬಂದಿದ್ದಾರೆ. ಎರಡು ತಿಂಗಳಾದರೂ ಕುಕ್ಕರುಗಾಲಿನಲ್ಲಿ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು. ಗದ್ದೆಯ ಬದು ಹತ್ತಿದರೆ ಏದುಸಿರು. ಕೂಲಿಯ ಲೆಕ್ಕ ತಪ್ಪುತ್ತದೆ. ವೈದ್ಯರಲ್ಲಿಗೆ ಹೋದರೆ ಬೆರಳಿಗೆ ಹಾಕಿದ ಆಕ್ಸಿಮೀಟರ್ 97 ತೋರಿಸುತ್ತದೆ, ಎಕ್ಸ್-ರೇ ಶುಭ್ರವಾಗಿದೆ, ರಕ್ತದ ಕ್ರಿಯಾಟಿನಿನ್ ಮಿತಿಯೊಳಗಿದೆ. ‘ಎಲ್ಲ ಸರಿ ಇದೆ, ಚೆನ್ನಾಗಿ ಊಟ ಮಾಡಿ’ ಎಂಬ ಮಾತು ಕೇಳಿ ಹಿಂತಿರುಗುತ್ತಾರೆ. ಕೆಲವು ದಿನಗಳಲ್ಲಿ ಮನೆಯವರಿಗೂ ಇವರು ಸೋಮಾರಿಯಾಗಿದ್ದಾರೆ ಎಂಬ ಅನುಮಾನ ಶುರುವಾಗುತ್ತದೆ.

ಇಲ್ಲಿ ಅಳತೆಗಳಾವುವೂ ಸುಳ್ಳಲ್ಲ. ತಪ್ಪಿರುವುದು ಅವುಗಳಿಂದ ತೆಗೆದ ತೀರ್ಮಾನದಲ್ಲಿ. ಯಾವ ಸ್ಥಿತಿಯಲ್ಲಿ, ಯಾವುದನ್ನು ಅಳೆದೆವು ಎಂದು ಕೇಳದೆ ಸಂಖ್ಯೆಯನ್ನು ನಂಬಬಾರದೆಂದು ನಾವು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುತ್ತೇವಲ್ಲವೇ? ಅದೇ ಎಚ್ಚರ ಇಲ್ಲಿಯೂ ಬೇಕು.

ಕರಗಿದ ಸ್ನಾಯು

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹರಡಿದಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರ ಸಲಹೆಯಂತೆ, ವೈದ್ಯಕೀಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಕೈಯಿಂದಲೇ ಚೀಲ ಒತ್ತಿ ರೋಗಿಗಳಿಗೆ ಉಸಿರು ನೀಡಿದರು. ತೀವ್ರ ನಿಗಾ ಘಟಕದ, ಅಂದರೆ ಐಸಿಯುವಿನ, ಹುಟ್ಟು ಅಲ್ಲಿದೆ. ಅನಂತರದ ದಶಕಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಮಂದಿ ಉಳಿದರು? ಉಳಿದವರು ಹೇಗಿದ್ದಾರೆ ಎಂದು ಕೇಳಿದ್ದು ಬಹಳ ತಡವಾಗಿ. ಕೆನಡಾದ ಟೊರಾಂಟೊದಲ್ಲಿ ಮಾರ್ಗರೆಟ್ ಹೆರಿಜ್ ಮತ್ತು ಸಂಗಡಿಗರು ಶ್ವಾಸಕೋಶದ ತೀವ್ರ ವೈಫಲ್ಯದಿಂದ ಪಾರಾದ 109 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ವರ್ಷದ ಕೊನೆಗೆ ಶ್ವಾಸಕೋಶದ ಗಾತ್ರ, ಉಸಿರಿನ ವೇಗ ಬಹುಮಟ್ಟಿಗೆ ಸಹಜವಾಗಿದ್ದವು. ಆದರೂ ಅವರು ಆರು ನಿಮಿಷದಲ್ಲಿ ನಡೆಯಬಲ್ಲ ದೂರದ ಮಧ್ಯಾಂಕ 422 ಮೀಟರ್, ಅಂದರೆ ನಿರೀಕ್ಷಿತ ದೂರದ ಮೂರನೇ ಎರಡು ಭಾಗ ಮಾತ್ರ. ಕೆಲಸಕ್ಕೆ ಮರಳಿದವರು ಸುಮಾರು ಅರ್ಧದಷ್ಟು. ಮುಖ್ಯ ಕಾರಣ ಶ್ವಾಸಕೋಶವಲ್ಲ, ಸ್ನಾಯು!

ಐಸಿಯುವಿನಲ್ಲಿ ಮೊದಲ ಹತ್ತು ದಿನಗಳಲ್ಲೇ ತೊಡೆಯ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇ. 18ರಷ್ಟು ಕುಗ್ಗುತ್ತದೆಂದು 2013ರಲ್ಲಿ ಲಂಡನ್ನಿನ ಸಂಶೋಧಕರು ಅಳೆದು ತೋರಿಸಿದರು. ಸ್ನಾಯು ಎಳೆಯುವ ಬಲ ಸ್ಥೂಲವಾಗಿ ಈ ವಿಸ್ತೀರ್ಣಕ್ಕೆ ಅನುಪಾತದಲ್ಲಿರುತ್ತದೆ. ಈಗ ನಮ್ಮ ರೈತರ ಲೆಕ್ಕ ಹಾಕೋಣ. ತೂಕ 55 ಕಿ.ಗ್ರಾಂ., ಕುಕ್ಕರುಗಾಲಿನಿಂದ ನಿಲ್ಲುವಾಗ ದೇಹದ ಗುರುತ್ವಕೇಂದ್ರ ಸುಮಾರು ಅರ್ಧ ಮೀಟರ್ ಮೇಲೇರುತ್ತದೆ. 55 × 9.8 × 0.5, ಅಂದರೆ ಸುಮಾರು 270 ಜೂಲ್ ಕೆಲಸ. ಒಂದು ಸೆಕೆಂಡಿನಲ್ಲಿ ಎದ್ದರೆ 270 ವಾಟ್. ಮೂರು ಸೆಕೆಂಡು ತೆಗೆದುಕೊಂಡರೆ 90 ವಾಟ್ ಸಾಕು. ನಿಧಾನವಾಗಿ ಎದ್ದರಾಯಿತಲ್ಲ ಎನ್ನಬೇಡಿ. ಪೂರ್ತಿ ಕೂತಾಗ ಮೊಣಕಾಲಿನ ಕೀಲಿನಲ್ಲಿ ಬೇಕಾಗುವ ಟಾರ್ಕ್ ಬಹಳ ದೊಡ್ಡದು. ನಿಧಾನಿಸಿದರೆ ಅದು ತಗ್ಗುವುದಿಲ್ಲ. ಕುರ್ಚಿ, ಸೋಫಾಗಳಲ್ಲೇ ಬದುಕುವವರಲ್ಲಿ ಅಡಗಿರುವ ನಿಶ್ಶಕ್ತಿ ನಮ್ಮ ಹಳ್ಳಿಯವರಲ್ಲಿ ಶೌಚಕ್ಕೆ ಕೂತಾಗಲೇ ಬಯಲಾಗುವುದು ಇದರಿಂದ.

ಇದನ್ನು ಪತ್ತೆಮಾಡಲು ಒಂದು ಕುರ್ಚಿ, ಒಂದು ಗಡಿಯಾರ ಸಾಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಬಾರಿ ಎದ್ದು ಕೂರಬೇಕು. 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿದೆಯೆಂದು ಸಂಶಯಪಡಬೇಕು.

ಸ್ನಾಯು ಕರಗಿದ್ದರಿಂದ ಇನ್ನೊಂದು ಮೋಸವೂ ಆಗುತ್ತದೆ. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುವಿನಲ್ಲಿ. ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ತೊಟ್ಟಿಗೆ ಬರುವ ನೀರೇ ಕಡಿಮೆಯಾದರೆ ಹೊರಹೋಗುವ ಕೊಳವೆ ಅರ್ಧ ಕಟ್ಟಿದ್ದರೂ ಮಟ್ಟ ಏರುವುದಿಲ್ಲವಲ್ಲ, ಹಾಗೆ. ಸೊರಗಿದ ರೋಗಿಯ ‘ಸಹಜ’ ಕ್ರಿಯಾಟಿನಿನ್ ಮೂತ್ರಪಿಂಡದ ಹಾನಿಯನ್ನು ಮುಚ್ಚಿಡಬಲ್ಲದು.

97 ಎಂಬ ಸಂಖ್ಯೆ

ಆಕ್ಸಿಮೀಟರ್ ಬೆರಳಿನ ಮೂಲಕ ಎರಡು ಬೆಳಕುಗಳನ್ನು ಹಾಯಿಸುತ್ತದೆ: ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು, ಸುಮಾರು 940ರ ಅವಕೆಂಪು. ಆಮ್ಲಜನಕ ಕಳೆದುಕೊಂಡ ಹೀಮೊಗ್ಲೋಬಿನ್ ಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಹೊತ್ತದ್ದು ಅವಕೆಂಪನ್ನು. ನಾಡಿಯೊಂದಿಗೆ ಏರಿಳಿಯುವ ಅಂಶವನ್ನಷ್ಟೇ ಬೇರ್ಪಡಿಸಿದರೆ ಅಪಧಮನಿಯ ರಕ್ತದ ಮಾಹಿತಿ ಸಿಗುತ್ತದೆ. 1970ರ ದಶಕದಲ್ಲಿ ಜಪಾನಿನ ಟಕುಓ ಅಓಯಗಿ ಅವರಿಗೆ ಹೊಳೆದ ಉಪಾಯವಿದು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಅವರ ಉಪಕರಣ ಮನೆಮನೆಗೂ ಹೊಕ್ಕ ವರ್ಷವೇ.

ಆದರೆ ಕೂತಾಗ 97 ಬಂದರೆ ಸಾಕೇ? ವಿಶ್ರಾಂತಿಯಲ್ಲಿ ಕೆಂಪು ರಕ್ತಕಣವೊಂದು ಶ್ವಾಸಕೋಶದ ಲೋಮನಾಳವನ್ನು ದಾಟಲು ಸುಮಾರು 0.75 ಸೆಕೆಂಡು ಬೇಕು. ಆಮ್ಲಜನಕ ತುಂಬಿಕೊಳ್ಳಲು ಆರೋಗ್ಯವಂತರಲ್ಲಿ ಸುಮಾರು 0.25 ಸೆಕೆಂಡು ಸಾಕು. ಕಾಯಿಲೆಯಿಂದ ಪೊರೆ ದಪ್ಪವಾಗಿದ್ದರೆ ತುಂಬುವುದು ನಿಧಾನವಾಗುತ್ತದೆ. ಆದರೂ ಕೂತಿರುವಾಗ ಮಿಕ್ಕ ಅರ್ಧ ಸೆಕೆಂಡಿನಲ್ಲಿ ಕೊರತೆ ನೀಗುತ್ತದೆ. ಬದು ಹತ್ತುವಾಗ ರಕ್ತ ರಭಸವಾಗಿ ಹರಿದು ಆ ಬಿಡುವು ಇಲ್ಲವಾಗುತ್ತದೆ. ಆಗ 97 ಇದ್ದದ್ದು 90ಕ್ಕೆ ಇಳಿಯಬಹುದು. ಆದ್ದರಿಂದಲೇ ವೈದ್ಯರ ಕಣ್ಣೆದುರು ಆರು ನಿಮಿಷ ನಡೆಸಿ ಮತ್ತೆ ನೋಡಬೇಕು. ನಾಲ್ಕು ಅಂಶ ಅಥವಾ ಹೆಚ್ಚು ಇಳಿದರೆ ಮುಂದಿನ ಪರೀಕ್ಷೆ ಅಗತ್ಯ. ಕಪ್ಪು ಚರ್ಮದವರಲ್ಲಿ ಈ ಉಪಕರಣ ಆಮ್ಲಜನಕದ ಕೊರತೆಯನ್ನು ಕಾಣದೆ ಬಿಡುವ ಪ್ರಮಾಣ ಬಿಳಿಯರಲ್ಲಿರುವುದರ ಸುಮಾರು ಮೂರು ಪಟ್ಟು ಎಂದು ಅಮೆರಿಕದ ಅಧ್ಯಯನವೊಂದು 2020ರಲ್ಲಿ ತಿಳಿಸಿತು. ನಮ್ಮ ಬಣ್ಣದವರಿಗೆ ಇದು ದೂರದ ಸುದ್ದಿಯಲ್ಲ.

ನನ್ನನ್ನು ಹೆಚ್ಚು ಕಾಡುವುದು ಶ್ವಾಸನಾಳದ ವಿಷಯ. ವೆಂಟಿಲೇಟರ್ ಕೊಳವೆ ಒತ್ತಿದ ಜಾಗದಲ್ಲಿ ಕೆಲವರಿಗೆ ವಾರಗಳ ಅನಂತರ ಗಾಯ ಕಲೆಗಟ್ಟಿ ನಾಳ ಕಿರಿದಾಗುತ್ತದೆ. ಪದವಿ ತರಗತಿಯಲ್ಲಿ ಓದುವ ಪ್ವಾಸೆಯ ನಿಯಮದಂತೆ ತ್ರಿಜ್ಯ ಅರ್ಧವಾದರೆ ಹರಿವಿಗೆ ತಡೆ 16 ಪಟ್ಟಾಗುತ್ತದೆ. ಶ್ವಾಸನಾಳದಲ್ಲಿ ಗಾಳಿ ಸುಳಿಸುಳಿಯಾಗಿ ಹರಿಯುವುದರಿಂದ ಈ ಲೆಕ್ಕ ಅಂದಾಜು ಮಾತ್ರ. ನಿಜಸ್ಥಿತಿ ಇನ್ನೂ ಕಷ್ಟಕರ. ಉಸಿರಿನೊಂದಿಗೆ ಸದ್ದು ಬರುವುದರಿಂದ ಇದನ್ನು ಆಸ್ತಮಾ ಎಂದು ತಿಳಿದು ತಿಂಗಳುಗಟ್ಟಲೆ ಇನ್‌ಹೇಲರ್ ಕೊಡುವುದುಂಟು. ‘ಗಂಟಲಿಗೆ ಕೊಳವೆ ಹಾಕಿದ್ದರೇ?’ ಎಂಬ ಒಂದೇ ಪ್ರಶ್ನೆ ಜೀವ ಉಳಿಸೀತು.

ಯಾರು ಕೇಳಬೇಕು?

ಮರೆವು, ದುಃಸ್ವಪ್ನ, ಖಿನ್ನತೆಗಳೂ ಇದೇ ಕಾಯಿಲೆಯ ಮುಂದುವರಿಕೆ. 2013ರಲ್ಲಿ ಪ್ರಕಟವಾದ 821 ರೋಗಿಗಳ ಅಮೆರಿಕದ ಅಧ್ಯಯನದಲ್ಲಿ, ಮೂರು ತಿಂಗಳ ಅನಂತರ ಪರೀಕ್ಷಿಸಿದವರ ಪೈಕಿ ಶೇ. 40ರಷ್ಟು ಮಂದಿಯ ಗ್ರಹಣಶಕ್ತಿ ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ಕೂಲಿಯ ಲೆಕ್ಕ ತಪ್ಪುವುದು ಸೋಮಾರಿತನವಲ್ಲ.

ಐಸಿಯು ಬಿಟ್ಟ ಎರಡು ಮೂರು ತಿಂಗಳಿಗೆ ರೋಗಿಯನ್ನು ಮತ್ತೆ ಕೂಲಂಕಷವಾಗಿ ನೋಡಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ 2009ರಲ್ಲೇ ಹೇಳಿತು. ಸ್ವಾರಸ್ಯವೆಂದರೆ, ಅದೇ ವರ್ಷ ಅಲ್ಲಿಯೇ 286 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ದಾದಿಯರು ನಡೆಸಿದ ಮರುಭೇಟಿ ಚಿಕಿತ್ಸಾಲಯದಿಂದ ಜೀವನದ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ! ಬರಹೇಳಿ ನೋಡಿದ ಮಾತ್ರಕ್ಕೆ ಯಾರೂ ಸುಧಾರಿಸುವುದಿಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಕಂಡುಹಿಡಿದದ್ದಕ್ಕೆ ವ್ಯಾಯಾಮ, ಆಹಾರ, ಔಷಧದ ಬದಲಾವಣೆ ಕೂಡಲೇ ಹಿಂಬಾಲಿಸಬೇಕು.

ನಂಜನಗೂಡು ಮೈಸೂರಿನಿಂದ ಸುಮಾರು 25 ಕಿ.ಮೀ., ತಿ. ನರಸೀಪುರ ಸುಮಾರು 30. ದೂರವೇನಲ್ಲ. ಆದರೆ ಬಸ್ಸಿನ ಮೆಟ್ಟಿಲು 40 ಸೆಂ.ಮೀ. ಎತ್ತರವಿದ್ದರೆ ಅದನ್ನು ಏರುವುದು ಸುಮಾರು 215 ಜೂಲ್ ಕೆಲಸ, ಅದೂ ಒಂದೇ ಕಾಲಿನಲ್ಲಿ! ಆದ್ದರಿಂದ ಮರುಭೇಟಿಯ ಹೊಣೆ ಬಹುಪಾಲು ತಾಲ್ಲೂಕು ಆಸ್ಪತ್ರೆಯ ವೈದ್ಯರ ಮೇಲೆ ಬೀಳುತ್ತದೆ. ಅವರಿಗೆ ಮೈಸೂರಿನ ವೈದ್ಯರ ಬಿಡುಗಡೆ ಚೀಟಿಯೇ ಆಧಾರ. ಎಷ್ಟು ದಿನ ವೆಂಟಿಲೇಟರ್, ಕೊಳವೆ ಬಾಯಿಂದಲೋ ಕತ್ತಿನಿಂದಲೋ, ಸೇರಿದಾಗ ಹಾಗೂ ಬಿಟ್ಟಾಗ ತೂಕವೆಷ್ಟು, ಭ್ರಮೆ ಉಂಟಾಗಿತ್ತೇ ಎಂಬುದು ಅದರಲ್ಲಿರಬೇಕು. ಯಾವ ಔಷಧ ಯಾವಾಗ ನಿಲ್ಲಬೇಕೆಂಬುದಂತೂ ಇರಲೇಬೇಕು. ಸ್ಟೀರಾಯ್ಡ್ ಕೊಡುವಾಗ ಏರಿದ ಸಕ್ಕರೆಗೆಂದು ಆರಂಭಿಸಿದ ಇನ್ಸುಲಿನ್ನನ್ನು ಸ್ಟೀರಾಯ್ಡ್ ನಿಂತ ಮೇಲೂ ಅದೇ ಪ್ರಮಾಣದಲ್ಲಿ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ದನಿ ಒಡೆದಿದ್ದರೆ, ನುಂಗುವಾಗ ಕೆಮ್ಮು ಬರುತ್ತಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳುಹಿಸಬಹುದು. ಈ ಭಾಗದವರಿಗೆ ಅದು ಹತ್ತಿರದಲ್ಲಿರುವುದು ಭಾಗ್ಯ. ಮನಸ್ಸಿನ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು.

ನಿಮ್ಮ ಬಂಧುಗಳೋ ವಿದ್ಯಾರ್ಥಿಯ ತಂದೆತಾಯಿಯೋ ಹೀಗೆ ಊರಿಗೆ ಮರಳಿದ್ದರೆ, ಐದು ಬಾರಿ ಎದ್ದು ಕೂರಲು ಹಿಡಿದ ಸೆಕೆಂಡುಗಳನ್ನೂ, ನಡೆಯುವ ಮುನ್ನ ಮತ್ತು ನಡೆದ ಮೇಲಿನ ಆಕ್ಸಿಮೀಟರ್ ಅಂಕಿಗಳನ್ನೂ ದಿನಾಂಕ ಸಹಿತ ಬಿಡುಗಡೆ ಚೀಟಿಯ ಹಿಂಬದಿಯಲ್ಲಿ ಬರೆಸಿಡಿ. ಮುಂದಿನ ಭೇಟಿಯಲ್ಲಿ ವೈದ್ಯರು ಹೋಲಿಸಿ ನೋಡಬೇಕಾದುದು ಅವನ್ನೇ.