ಎಳೆದು ಕಟ್ಟಿದ ಸೇತುವೆಗಳು

ಜಗತ್ತಿನ ದಾಖಲೆ ಸೇತುವೆಗಳ ಜೀವ ಇರುವುದು ಬಿಗಿದ ಉಕ್ಕಿನ ತಂತಿಯಲ್ಲಿ. ಆ ವಿದ್ಯೆಯ ಬಲವನ್ನೂ ಅದು ಬೇಡುವ ಆರೈಕೆಯನ್ನೂ ಅರಿಯಲು ಬೆಂಗಳೂರಿನ ಜಾಲಹಳ್ಳಿ ಕ್ರಾಸ್‌ನ ಮೇಲೆ ಹಾದುಹೋಗುವ ಪೀಣ್ಯ ಫ್ಲೈಓವರ್ ಸಾಕು.

2021ರ ಡಿಸೆಂಬರ್ ಕೊನೆಯ ವಾರ ತುಮಕೂರು ರಸ್ತೆಯ ಪೀಣ್ಯ ಫ್ಲೈಓವರ್ ಇದ್ದಕ್ಕಿದ್ದಂತೆ ಮುಚ್ಚಿತು. 102 ಮತ್ತು 103ನೇ ಪಿಲ್ಲರ್‌ಗಳ ನಡುವೆ ಕೇಬಲ್‌ಗೆ ತುಕ್ಕು ಹಿಡಿದಿದೆ ಎಂಬುದು ಕಾರಣ. ಗೊರಗುಂಟೆಪಾಳ್ಯದಿಂದ ಪಾರ್ಲೆ ಕಾರ್ಖಾನೆಯವರೆಗೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ಮೇಲೆಯೇ ಸಾಗುತ್ತಿದ್ದ ಲಾರಿ, ಬಸ್ಸುಗಳೆಲ್ಲ ಕೆಳಗಿಳಿದವು. ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಎಂಟನೇ ಮೈಲಿಯ ಸಿಗ್ನಲ್‌ಗಳಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತವು. ಆಗ ಅನೇಕರಿಗೆ ಬಂದ ಪ್ರಶ್ನೆ ಒಂದೇ: ಇದು ತೂಗುಸೇತುವೆ ಅಲ್ಲವಲ್ಲ, ಕಾಂಕ್ರೀಟ್ ಸೇತುವೆಗೆ ಕೇಬಲ್ ಎಲ್ಲಿಂದ ಬಂತು?

ಉತ್ತರ ಕಾಂಕ್ರೀಟಿನ ಸ್ವಭಾವದಲ್ಲಿದೆ. ಜೋರಾಗಿ ಒತ್ತಿದರೂ ಅದು ತಾಳಿಕೊಳ್ಳುತ್ತದೆ, ಎಳೆದರೆ ಬೇಗ ಬಿರುಕು ಬಿಡುತ್ತದೆ. ಒತ್ತಡ ತಾಳುವ ಶಕ್ತಿಯ ಹತ್ತರಲ್ಲೊಂದು ಭಾಗದಷ್ಟೂ ಎಳೆತ ತಾಳಲಾರದು ಎಂದರೆ ಹೆಚ್ಚುಕಡಿಮೆ ಸರಿ. ಎರಡು ಕಂಬಗಳ ಮೇಲೆ ತೊಲೆಯಿಟ್ಟು ಲಾರಿ ಹತ್ತಿಸಿದರೆ ತೊಲೆಯ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಬಿರುಕು ಮೂಡುವುದು ಆ ಕೆಳಭಾಗದಲ್ಲಿ.

ಹಳ್ಳಿಯ ಕಮ್ಮಾರ ಎತ್ತಿನಗಾಡಿಯ ಚಕ್ರಕ್ಕೆ ಕಾಸಿದ ಕಬ್ಬಿಣದ ಪಟ್ಟಾ ತೊಡಿಸಿ ಮೇಲೆ ನೀರು ಸುರಿಯುತ್ತಿದ್ದ. ತಣಿದ ಪಟ್ಟಾ ಕುಗ್ಗಿ ಮರದ ತುಂಡುಗಳನ್ನೆಲ್ಲ ಒತ್ತಿ ಹಿಡಿಯುತ್ತಿತ್ತು. ಭಾರ ಬೀಳುವ ಮೊದಲೇ ಚಕ್ರ ಬಿಗಿಯಾಗಿರುತ್ತಿತ್ತು. ಪ್ರೀಸ್ಟ್ರೆಸ್ಡ್ ಕಾಂಕ್ರೀಟಿನ ಗುಟ್ಟೂ ಇಷ್ಟೇ. ತೊಲೆಯ ಉದ್ದಕ್ಕೂ ಉಕ್ಕಿನ ಕೇಬಲ್ ಹಾಯಿಸಿ, ತುದಿಯಲ್ಲಿ ಹೈಡ್ರಾಲಿಕ್ ಜಾಕ್ ಇಟ್ಟು ಎಳೆದು, ಬೆಣೆ ಹಾಕಿ ಬಿಗಿಯುತ್ತಾರೆ. ಹಿಂದಕ್ಕೆ ಕುಗ್ಗಲು ಹವಣಿಸುವ ಕೇಬಲ್ ಕಾಂಕ್ರೀಟನ್ನು ಸದಾ ಒತ್ತುತ್ತಲೇ ಇರುತ್ತದೆ. ಮೇಲೆ ಲಾರಿ ಬಂದಾಗ ಆ ಒತ್ತಡ ಸ್ವಲ್ಪ ಸಡಿಲುತ್ತದೆಯೇ ಹೊರತು ಕಾಂಕ್ರೀಟಿಗೆ ಎಳೆತ ತಾಗುವುದಿಲ್ಲ.

ಇದಕ್ಕೆ 1928ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಫ್ರೇಸಿನೆ. ಕಾಂಕ್ರೀಟನ್ನು ಹೀಗೆ ಬಿಗಿಯಲು ಅವನಿಗಿಂತ ಮೊದಲೂ ಕೆಲವರು ಯತ್ನಿಸಿ ಸೋತಿದ್ದರು. ಕಾಂಕ್ರೀಟ್ ವರ್ಷಗಳುದ್ದಕ್ಕೂ ಸಣ್ಣಗೆ ಕುಗ್ಗುತ್ತ ಹೋಗುತ್ತದೆ. ಸಾಮಾನ್ಯ ಕಬ್ಬಿಣದ ಸರಳಿಗೆ ಕೊಟ್ಟ ಬಿಗಿಯೆಲ್ಲ ಆ ಕುಗ್ಗುವಿಕೆಯಲ್ಲೇ ಕರಗಿಹೋಗುತ್ತದೆ. ತಾನೇ ಕಟ್ಟಿದ ಕಮಾನು ಸೇತುವೆ ನಿಧಾನವಾಗಿ ಕುಸಿಯುತ್ತಿದ್ದುದನ್ನು ಕಂಡಿದ್ದ ಫ್ರೇಸಿನೆ, ಬಹಳ ಗಟ್ಟಿಯಾದ ಉಕ್ಕನ್ನು ಬಹಳ ಜೋರಾಗಿ ಎಳೆದರೆ ಮಾತ್ರ ಬಿಗಿ ಉಳಿದೀತು ಎಂದು ಅರಿತ. ಇಂದು ಬಳಸುವ, ಏಳು ತಂತಿ ಹೆಣೆದ 15.2 ಮಿಲಿಮೀಟರ್ ದಪ್ಪದ ಒಂದು ಎಳೆ ಕಡಿಯಬೇಕಾದರೆ ಸುಮಾರು 26 ಟನ್ ಬಲ ಬೇಕು. ಇಂಥ ಹಲವು ಎಳೆಗಳು ಸೇರಿದರೆ ಒಂದು ಕೇಬಲ್.

ಎರಡು ಬಗೆಯ ದಾಖಲೆ

ಸೇತುವೆಯ ದಾಖಲೆಗಳಲ್ಲಿ ಎರಡು ಜಾತಿ: ಒಟ್ಟು ಉದ್ದದ್ದು ಒಂದು, ಎರಡು ಕಂಬಗಳ ನಡುವಿನ ಅಂತರದ್ದು ಇನ್ನೊಂದು. ಉದ್ದದಲ್ಲಿ ಮೊದಲನೆಯದು ಬೀಜಿಂಗ್–ಶಾಂಘೈ ವೇಗದ ರೈಲುಮಾರ್ಗದ ದಾನ್ಯಾಂಗ್–ಕುನ್‌ಶಾನ್ ಸೇತುವೆ. 2011ರಲ್ಲಿ ಸಂಚಾರಕ್ಕೆ ತೆರೆದ ಇದರ ಉದ್ದ 164.8 ಕಿಲೋಮೀಟರ್, ಬೆಂಗಳೂರಿನಿಂದ ಮೈಸೂರು ದಾಟಿ ಹೋಗುವಷ್ಟು. ಹತ್ತಿರದಿಂದ ನೋಡಿದರೆ ಅದರ ಬಹುಭಾಗ ಸುಮಾರು 32 ಮೀಟರ್‌ನ ಕಾಂಕ್ರೀಟ್ ತೊಲೆಗಳ ಸಾಲು. ಒಂದೇ ಅಳತೆಯ ಸ್ಪ್ಯಾನ್‌ಗಳನ್ನು ಸಾಲಾಗಿ ಕೂರಿಸುವ ಈ ಕ್ರಮವನ್ನೇ ಪೀಣ್ಯ ಫ್ಲೈಓವರ್‌ನಲ್ಲೂ, ಪಕ್ಕದಲ್ಲಿ ಜಾಲಹಳ್ಳಿ ನಿಲ್ದಾಣಕ್ಕೆ ಬರುವ ಮೆಟ್ರೊ ದಾರಿಯಲ್ಲೂ ಕಾಣುತ್ತೇವೆ.

ಅಂತರದ ದಾಖಲೆಗೆ ಬೇರೆ ಧೈರ್ಯ ಬೇಕು. ಜಪಾನಿನ ಅಕಾಶಿ ಕೈಕ್ಯೊ ತೂಗುಸೇತುವೆಯ ಎರಡು ಗೋಪುರಗಳ ನಡುವೆ 1,991 ಮೀಟರ್ ಬರೀ ಸಮುದ್ರ. ಕಟ್ಟುತ್ತಿದ್ದಾಗ, 1995ರ ಕೋಬೆ ಭೂಕಂಪದಲ್ಲಿ ಗೋಪುರಗಳೇ ಒಂದು ಮೀಟರಿನಷ್ಟು ದೂರ ಸರಿದವು. ಲೆಕ್ಕ ತಿದ್ದಿಕೊಂಡು 1998ರಲ್ಲಿ ಮುಗಿಸಿದರು. ಅದರ ಒಂದೊಂದು ಮುಖ್ಯ ಕೇಬಲ್‌ನಲ್ಲೂ ಐದು ಮಿಲಿಮೀಟರಿಗಿಂತ ತುಸು ದಪ್ಪದ 36,830 ತಂತಿಗಳಿವೆ. 2022ರಲ್ಲಿ ತುರ್ಕಿಯ 1915 ಚಾನಕ್ಕಾಲೆ ಸೇತುವೆ 2,023 ಮೀಟರ್ ಅಂತರ ದಾಟಿ ಈ ದಾಖಲೆಯನ್ನು ಮುರಿಯಿತು.

ತಂತಿಯ ಬದಲು ಒತ್ತಡವನ್ನೇ ನಂಬಿದ್ದು ಕಮಾನು. 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಜಮ್ಮು–ಕಾಶ್ಮೀರದ ಚೆನಾಬ್ ರೈಲು ಸೇತುವೆಯ ಕಮಾನು 467 ಮೀಟರ್, ಹಳಿ ಇರುವುದು ನದಿಯ ತಳದಿಂದ 359 ಮೀಟರ್ ಎತ್ತರದಲ್ಲಿ. ಅಲ್ಲಿಯೂ ಉಕ್ಕಿನ ಬಿಗಿತ ತಪ್ಪಲಿಲ್ಲ. ಸೀಳು ಸೀಳಾದ ಬಂಡೆಯ ಇಳಿಜಾರಿಗೆ ಉಕ್ಕಿನ ಸರಳು ಇಳಿಸಿ ಭದ್ರಪಡಿಸಬೇಕಾಯಿತು. ಆ ಕೆಲಸಕ್ಕೆ ದೀರ್ಘಕಾಲ ಸಲಹೆಗಾರರಾಗಿದ್ದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ.

ಕಣ್ಣಿಗೆ ಬೀಳದ ತುಕ್ಕು

ತೂಗುಸೇತುವೆಯ ತಂತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಪ್ರೀಸ್ಟ್ರೆಸ್ ಕೇಬಲ್ ಕೊಳವೆಯೊಳಗೆ ಅಡಗಿರುತ್ತದೆ. ಬಿಗಿದ ಮೇಲೆ ಆ ಕೊಳವೆಗೆ ಸಿಮೆಂಟ್ ಗ್ರೌಟ್ ತುಂಬುವುದು ವಾಡಿಕೆ. ಗ್ರೌಟ್ ಸರಿಯಾಗಿ ತುಂಬಿದರೆ ಉಕ್ಕಿಗೆ ಅದೇ ರಕ್ಷಣೆ. ನಡುವೆ ಪೊಳ್ಳು ಉಳಿದರೆ ಗಾಳಿ, ನೀರು ಸೇರಿ ತುಕ್ಕು ಶುರು. ಜೋರಾಗಿ ಎಳೆದಿಟ್ಟ ತಂತಿಯನ್ನು ತುಕ್ಕು ಸವೆಸಿದರೆ ಅದು ಮುನ್ಸೂಚನೆ ಕೊಡದೆ ಕಡಿಯಬಹುದು.

1985ರ ಡಿಸೆಂಬರಿನಲ್ಲಿ ವೇಲ್ಸ್‌ನ ಸಣ್ಣದೊಂದು ಸೇತುವೆ ಹೀಗೆಯೇ ಕುಸಿಯಿತು. ಬ್ರಿಟನ್ 1992ರಲ್ಲಿ ಗ್ರೌಟ್ ತುಂಬಿದ ಇಂಥ ಕೇಬಲ್‌ಗಳ ಹೊಸ ಸೇತುವೆಗಳನ್ನೇ ಕೆಲವು ವರ್ಷ ತಡೆಹಿಡಿಯಿತು. ಇಟಲಿಯ ಜಿನೋವಾದಲ್ಲಿ 1967ರ ಮೊರಾಂಡಿ ಸೇತುವೆಯ ಓರೆ ಕೇಬಲ್‌ಗಳನ್ನು ಕಾಂಕ್ರೀಟಿನಿಂದ ಮುಚ್ಚಿದ್ದರು. ಕಾಪಾಡಲೆಂದು ಹಾಕಿದ ಹೊದಿಕೆ, ಒಳಗಿನ ಸವೆತವನ್ನು ಪರೀಕ್ಷಿಸಲು ಅಡ್ಡಿಯಾಯಿತು. 2018ರ ಆಗಸ್ಟ್ 14ರಂದು ಅದು ಬಿದ್ದು 43 ಮಂದಿ ಸತ್ತರು.

ಈ ಸಾಲಿನಲ್ಲಿಟ್ಟು ನೋಡಿದರೆ ಪೀಣ್ಯದ್ದು ನಾಚಿಕೆಯ ಕಥೆ ಮಾತ್ರವಲ್ಲ. 2010ರಲ್ಲಿ ತೆರೆದ ಫ್ಲೈಓವರ್ ಹನ್ನೆರಡನೇ ವರ್ಷಕ್ಕೇ ಕೆಟ್ಟದ್ದು ತಪ್ಪೇ. ಆದರೆ ಅವಘಡಕ್ಕೆ ಮೊದಲೇ ದೋಷ ಸಿಕ್ಕಿತು, ಸೇತುವೆ ಮುಚ್ಚಿತು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳನ್ನಷ್ಟೇ ಬಿಟ್ಟರು. ಒಟ್ಟು 120 ಸ್ಪ್ಯಾನ್, ಒಂದೊಂದರಲ್ಲೂ ಹತ್ತು ಕೇಬಲ್. ವಿನ್ಯಾಸದಲ್ಲೇ ಪ್ರತಿ ಸ್ಪ್ಯಾನ್‌ಗೆ ಇನ್ನೆರಡು ಕೇಬಲ್‌ಗಳಿಗೆ ಜಾಗ ಬಿಟ್ಟಿದ್ದರು. ಅಲ್ಲಿ ಮೊದಲು 240 ಹೊಸ ಕೇಬಲ್ ಹಾಯಿಸಿದರು. ವಿಜ್ಞಾನ ಸಂಸ್ಥೆಯ ತಜ್ಞರ ಸಲಹೆಯಂತೆ 2024ರ ಜನವರಿಯಲ್ಲಿ ಭಾರ ತುಂಬಿದ ಲಾರಿ ನಿಲ್ಲಿಸಿ ಪರೀಕ್ಷೆ ನಡೆಯಿತು. ಹಳೆಯ 1,200 ಕೇಬಲ್‌ಗಳನ್ನೂ ಬದಲಿಸುವುದೆಂದು ತೀರ್ಮಾನವಾಯಿತು. ಹಿಂದೆ ಯಾರೋ ಎಂಜಿನಿಯರ್ ಮುಂದಾಲೋಚನೆಯಿಂದ ಬಿಟ್ಟಿದ್ದ ಆ ಎರಡು ಖಾಲಿ ಜಾಗಗಳೇ ದುರಸ್ತಿಗೆ ದಾರಿಯಾದವು.

2024ರ ಜುಲೈ 29ರಿಂದ ಭಾರಿ ವಾಹನಗಳಿಗೂ ಅನುಮತಿ ಸಿಕ್ಕಿತು, ಒಂದು ಷರತ್ತಿನೊಂದಿಗೆ: ಶುಕ್ರವಾರ ಬೆಳಗ್ಗೆ ಆರರಿಂದ ಶನಿವಾರ ಬೆಳಗ್ಗೆ ಆರರವರೆಗೆ ನಿರ್ವಹಣೆಗಾಗಿ ಭಾರಿ ವಾಹನ ಬಂದ್. ಲಾರಿಯವರಿಗೆ ಇದು ಕಿರಿಕಿರಿ. ಆದರೆ ಅಕಾಶಿ ಸೇತುವೆಯ ಕೇಬಲ್‌ಗಳ ಒಳಗೂ ತುಕ್ಕು ಸುಳಿಯದಂತೆ ಬಿಡುವಿಲ್ಲದೆ ಒಣಗಾಳಿ ಹಾಯಿಸುತ್ತಾರೆ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಶುರುವಾದ ಜಾಲಹಳ್ಳಿಗೆ ಇಂಥ ಆರೈಕೆಯ ಮಾತು ಹೊಸದೇನಲ್ಲ. ನಿಲ್ಲಿಸಿ ನೋಡದ ಯಂತ್ರ ತಾನಾಗಿಯೇ ನಿಲ್ಲುತ್ತದೆ ಎಂಬುದು ಇಲ್ಲಿ ಶಿಫ್ಟ್ ಮಾಡಿದವರಿಗೆಲ್ಲ ಗೊತ್ತು.

ಆರೈಕೆಯ ಈ ಪ್ರಶ್ನೆ ಹೊಸ ಸೇತುವೆಗಳಿಗೂ ಇದೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಹಿನ್ನೀರಿನಿಂದ ದ್ವೀಪದಂತಾಗಿ ದಶಕಗಳಿಂದ ಲಾಂಚ್ ಕಾದ ಊರುಗಳ ಜನಕ್ಕೆ ಅದು ಬಿಡುಗಡೆ. ಉದ್ದ 2.44 ಕಿಲೋಮೀಟರ್, ಖರ್ಚು ಸುಮಾರು 472 ಕೋಟಿ ರೂಪಾಯಿ, ದೇಶದ ಕೇಬಲ್ ಸೇತುವೆಗಳಲ್ಲಿ ಉದ್ದದಲ್ಲಿ ಎರಡನೆಯದು ಎಂದು ಪತ್ರಿಕೆಗಳೆಲ್ಲ ಬರೆದವು. ಮಲೆನಾಡಿನ ಮಳೆಯಲ್ಲಿ ನಿಂತ ಆ ಕೇಬಲ್‌ಗಳನ್ನು ಯಾರು, ಎಷ್ಟು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು. ಪೀಣ್ಯ ಕಲಿಸಿದ ಮೇಲೆ, ಹೊಸ ಸೇತುವೆಯೊಂದರ ಉದ್ದ ಮತ್ತು ಖರ್ಚಿನ ಜೊತೆಗೆ ಈ ಮೂರನೆಯ ಲೆಕ್ಕವನ್ನೂ ಉದ್ಘಾಟನೆಯ ದಿನವೇ ಜನರ ಮುಂದಿಡುವುದು ನ್ಯಾಯ.