ಉಂಡ ಮನೆಗೆ ಎರಡು ಬಗೆದ ಪಾದ್ರಿ? ಬಾನ್‌ಹೋಫರ್ ಅರ್ಥ ಮಾಡಿಕೊಂಡ ಕೃತಜ್ಞತೆ

ಸರ್ಕಾರದ ಯಾವುದಾದರೂ ನೀತಿಯನ್ನು ಪ್ರಶ್ನಿಸಿ ಒಂದು ಪೋಸ್ಟ್ ಹಾಕಿ ನೋಡಿ. ‘ಜನರ ತೆರಿಗೆ ದುಡ್ಡಲ್ಲಿ ಓದಿದವನು ನೀನು, ಸ್ವಲ್ಪ ಕೃತಜ್ಞತೆ ಇರಲಿ’ ಅಂತ ಕಮೆಂಟ್ ಬಂದೇ ಬರುತ್ತೆ. ಆಫೀಸಿನಲ್ಲಿ ಕೆಲಸದ ಅವಧಿ ಬಗ್ಗೆ ತಕರಾರು ತೆಗೆದರೆ ‘ಈ ಕಾಲದಲ್ಲಿ ಕೆಲಸ ಇರೋದೇ ಪುಣ್ಯ’ ಅಂತಾರೆ. ಅಲ್ಪಸಂಖ್ಯಾತರು ಹಕ್ಕಿನ ಮಾತಾಡಿದರೆ ‘ಇಲ್ಲಿ ಇರೋಕೆ ಬಿಟ್ಟಿದ್ದೇ ದೊಡ್ಡದು’ ಅಂತಾರೆ. ಮಾತು ಬೇರೆ ಬೇರೆ, ತರ್ಕ ಮಾತ್ರ ಒಂದೇ: ನೀನು ಪಡೆದಿದ್ದೀಯ, ಆದ್ದರಿಂದ ಸುಮ್ಮನಿರು.

ಇದನ್ನು ಕೇಳಿ ಕೇಳಿ ನಮ್ಮಲ್ಲಿ ಅನೇಕರಿಗೆ ಕೃತಜ್ಞತೆ ಎಂಬ ಪದದ ಮೇಲೇ ಗುಮಾನಿ ಹುಟ್ಟಿದೆ. ಅದು ಬಾಯಿ ಮುಚ್ಚಿಸುವ ಸಾಧನ, ದೇವರ ಹೆಸರಲ್ಲಿ ಹೇಳಿದರಂತೂ ಇನ್ನೂ ಅಪಾಯ ಎಂಬ ಭಾವನೆ. ಆದರೆ ಜರ್ಮನಿಯ ಒಬ್ಬ ಪಾದ್ರಿ ಇದೇ ಪದವನ್ನು ಜೀವನಪೂರ್ತಿ ಹಿಡಿದುಕೊಂಡು ಪೂರ್ತಿ ಉಲ್ಟಾ ತೀರ್ಮಾನಕ್ಕೆ ಬಂದರು: ನಾನು ಪಡೆದಿದ್ದೇನೆ, ಆದ್ದರಿಂದ ಸುಮ್ಮನಿರಲಾರೆ. ಅವರ ಹೆಸರು ಡೀಟ್ರಿಚ್ ಬಾನ್‌ಹೋಫರ್. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ದೇಶದ್ರೋಹಿ ಎಂದು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ.

ಯೂಟ್ಯೂಬ್‌ನಲ್ಲಿ ಓಡಾಡುವ ‘ಮೂರ್ಖತನದ ಸಿದ್ಧಾಂತ’ದ ವಿಡಿಯೊಗಳಿಂದ ಈ ಹೆಸರು ನಿಮಗೆ ಗೊತ್ತಿರಬಹುದು. ಇಡೀ ಸಮಾಜ ಯೋಚಿಸುವುದನ್ನು ಏಕೆ ನಿಲ್ಲಿಸುತ್ತದೆ ಎಂದು ಅವರು ಬರೆದದ್ದು ನಿಜ. ಆದರೆ ಅದು ಅವರ ಚಿಂತನೆಯ ಒಂದು ಮೂಲೆ ಅಷ್ಟೇ. ನಂಬಿಕೆ, ಕೃತಜ್ಞತೆ, ಸೇವೆ ಈ ಮೂರನ್ನು ಅವರು ಹೇಗೆ ಜೋಡಿಸಿದರು ಅನ್ನೋದು ಇನ್ನೂ ಮುಖ್ಯ.

ಕೊಟ್ಟವರು ಯಾರು?

ಕೃತಜ್ಞ ಎಂದರೆ ‘ಮಾಡಿದ್ದನ್ನು ಅರಿತವನು’. ಅಂದರೆ ಅದು ಮೊದಲು ಒಂದು ತಿಳಿವಳಿಕೆ: ನನ್ನ ಬದುಕಿನಲ್ಲಿ ಯಾರ ಪಾಲು ಎಷ್ಟಿದೆ ಎಂಬ ಅರಿವು. ಕನ್ನಡದಲ್ಲಿ ಇದರ ಪಕ್ಕದಲ್ಲೇ ‘ಹಂಗು’ ಎಂಬ ಇನ್ನೊಂದು ಪದವಿದೆ. ಹಂಗಿನ ಲೆಕ್ಕ ಇಡುವವನು ಕೊಟ್ಟವನು. ಕೃತಜ್ಞತೆಯ ಲೆಕ್ಕ ಇಡುವವನು ಪಡೆದವನು. ಅಧಿಕಾರದಲ್ಲಿರುವವರು ಸದಾ ಮೊದಲನೆಯದನ್ನು ಎರಡನೆಯದರ ಹೆಸರಲ್ಲಿ ಮಾರುತ್ತಾರೆ.

ಬಾನ್‌ಹೋಫರ್ ಪಡೆದದ್ದು ಕಡಿಮೆಯೇನಲ್ಲ. 1906ರಲ್ಲಿ ಹುಟ್ಟಿದ್ದು ಬ್ರೆಸ್ಲಾವ್‌ನಲ್ಲಿ, ಅದು ಈಗ ಪೋಲೆಂಡಿನಲ್ಲಿದೆ. ತಂದೆ ಕಾರ್ಲ್ ಬರ್ಲಿನ್‌ನ ಹೆಸರಾಂತ ಮನೋವೈದ್ಯ. ಮನೆಯಲ್ಲಿ ಎಂಟು ಮಕ್ಕಳು, ಸಂಗೀತ, ಪುಸ್ತಕ. 21ನೇ ವಯಸ್ಸಿಗೇ ಡಾಕ್ಟರೇಟ್. 1930ರಲ್ಲಿ ಓದಿಗೆಂದು ನ್ಯೂಯಾರ್ಕ್‌ಗೆ ಹೋದಾಗ ಹಾರ್ಲೆಮ್‌ನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕಪ್ಪು ಜನರ ಜೊತೆ ಆರಾಧನೆಗೆ ಕೂತರು, ಅಲ್ಲಿನ ಮಕ್ಕಳಿಗೆ ಭಾನುವಾರದ ಪಾಠ ಹೇಳಿದರು. ಊರಿಗೆ ಮರಳುವಾಗ ಅವರ ಹಾಡುಗಳ ಗ್ರಾಮಾಫೋನ್ ರೆಕಾರ್ಡುಗಳನ್ನೂ ತಂದರು.

ಅವರ ಕೃತಜ್ಞತೆಯ ಪಟ್ಟಿಯಲ್ಲಿ ತಂದೆ-ತಾಯಿ ಇದ್ದರು, ಗೆಳೆಯರು ಇದ್ದರು, ಜನಾಂಗಭೇದದ ನಡುವೆ ಹಾಡುತ್ತಿದ್ದ ಆ ಸಭೆಯೂ ಇತ್ತು. ಪ್ರಭುತ್ವ ಇರಲಿಲ್ಲ.

ಹಂಗಿಗೆ ಬಿದ್ದ ಚರ್ಚು

1933ರ ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್ ಆದ. ಎರಡು ದಿನಕ್ಕೆ ಬಾನ್‌ಹೋಫರ್ ರೇಡಿಯೊದಲ್ಲಿ, ನಾಯಕ ತನ್ನನ್ನೇ ವಿಗ್ರಹ ಮಾಡಿಕೊಂಡರೆ ಏನಾಗುತ್ತದೆ ಎಂದು ಎಚ್ಚರಿಸಿದರು. ಭಾಷಣ ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು. ಏಪ್ರಿಲ್‌ನಲ್ಲಿ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ಹೊರಹಾಕುವ ಕಾನೂನು ಬಂತು. ಅದೇ ನಿಯಮ ಚರ್ಚಿಗೂ ಬರಲಿ, ಯಹೂದಿ ಮೂಲದ ಪಾದ್ರಿಗಳನ್ನು ತೆಗೆಯಲಿ ಎಂದು ಒಂದು ದೊಡ್ಡ ಗುಂಪು ಕೂಗಾಡಿತು.

ಆಗ ಬರೆದ ಪ್ರಬಂಧದಲ್ಲಿ ಬಾನ್‌ಹೋಫರ್ ಚರ್ಚಿಗೆ ಮೂರು ಕೆಲಸ ಹೇಳಿದರು. ಒಂದು, ನೀನು ಮಾಡುತ್ತಿರುವುದು ನ್ಯಾಯವೇ ಎಂದು ಪ್ರಭುತ್ವವನ್ನು ಕೇಳುವುದು. ಎರಡು, ಪ್ರಭುತ್ವದಿಂದ ಪೆಟ್ಟು ತಿಂದವರ ಜೊತೆ, ಅವರು ಕ್ರೈಸ್ತರಾಗಿರಲಿ ಬಿಡಲಿ, ನಿಲ್ಲುವುದು. ಮೂರು, ಅನ್ಯಾಯ ಮಾಡುವ ಯಂತ್ರವನ್ನೇ ತಡೆಯುವುದು. ಅದೇ ಪ್ರಬಂಧದಲ್ಲಿ ಯಹೂದಿಗಳ ಬಗ್ಗೆ ಚರ್ಚಿನ ಹಳೆಯ ಪೂರ್ವಗ್ರಹಗಳೂ ಇವೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಅದೇ ತಿಂಗಳು ಅವರ ಅವಳಿ ಸಹೋದರಿಯ ಮಾವ ತೀರಿಕೊಂಡರು. ಅವರು ಯಹೂದಿ, ದೀಕ್ಷಾಸ್ನಾನ ಪಡೆದವರಲ್ಲ. ಅಂತ್ಯಕ್ರಿಯೆಯಲ್ಲಿ ಪ್ರಸಂಗ ಮಾಡು ಎಂದು ಮನೆಯವರು ಕೇಳಿದಾಗ ಬಾನ್‌ಹೋಫರ್ ಮೇಲಧಿಕಾರಿಯ ಸಲಹೆ ಕೇಳಿ ಒಲ್ಲೆ ಎಂದರು. ಕೆಲವೇ ತಿಂಗಳಲ್ಲಿ, ನಾನು ಹೇಗೆ ಅಷ್ಟು ಹೆದರಿದೆ ಎಂದು ಪಶ್ಚಾತ್ತಾಪದಿಂದ ಪತ್ರ ಬರೆದರು. ಹುಟ್ಟಾ ಹೀರೊ ಅಲ್ಲ ಅವರು.

ಜರ್ಮನಿಯ ಪಾದ್ರಿಗಳು ಹೆಚ್ಚುಕಮ್ಮಿ ಸರ್ಕಾರಿ ನೌಕರರಂತೆ ಬದುಕುತ್ತಿದ್ದರು: ಭದ್ರ ಸಂಬಳ, ವಸತಿ, ಗೌರವ. 1938ರಲ್ಲಿ ಹಿಟ್ಲರ್ ಹುಟ್ಟುಹಬ್ಬದ ಹೊತ್ತಿಗೆ, ಪಾದ್ರಿಗಳೆಲ್ಲ ಅವನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಪ್ರಾಟೆಸ್ಟೆಂಟ್ ಚರ್ಚಿನ ಆಡಳಿತ ಆದೇಶಿಸಿತು. ಹೆಚ್ಚಿನವರು ಮಾಡಿದರು. ಹಂಗು ಅಂದರೆ ಇದು.

ಬೆಲೆ ಇಲ್ಲದ ನಂಬಿಕೆ

ಇಲ್ಲಿ ಅವರ ಅತಿ ಪ್ರಸಿದ್ಧ ವಿಚಾರ ಬರುತ್ತದೆ: ಅಗ್ಗದ ಕೃಪೆ. ದೇವರ ಕೃಪೆ ಉಚಿತ, ಗಳಿಸಿ ಪಡೆಯುವಂಥದ್ದಲ್ಲ ಎಂಬುದು ಲೂಥರನ ಬೋಧನೆಯ ತಿರುಳು. ಆದರೆ ಜರ್ಮನ್ ಚರ್ಚು ಅದನ್ನು, ಹೇಗೂ ಕ್ಷಮೆ ಸಿಕ್ಕಾಯಿತು, ಇನ್ನು ಏನೂ ಬದಲಾಗಬೇಕಿಲ್ಲ ಎಂದು ತಿರುಚಿಕೊಂಡಿದೆ ಎಂದು 1937ರ ತಮ್ಮ ಪುಸ್ತಕದಲ್ಲಿ ಅವರು ವಾದಿಸಿದರು. ಉಚಿತವಾಗಿ ಸಿಕ್ಕಿದ್ದಕ್ಕೆ ನಿಜವಾಗಿ ಕೃತಜ್ಞನಾದವನ ಬದುಕು ಮೊದಲಿನಂತೆ ಇರಲು ಸಾಧ್ಯವೇ ಇಲ್ಲ, ಅದಕ್ಕೊಂದು ಬೆಲೆ ತೆರಬೇಕಾಗುತ್ತದೆ. ಉಚಿತ ಬೇರೆ, ಅಗ್ಗ ಬೇರೆ.

ಧರ್ಮದ ಗೊಡವೆ ಇಲ್ಲದವರಿಗೂ ಇದು ಅರ್ಥವಾಗುತ್ತದೆ. ಪ್ರೊಫೈಲ್‌ನಲ್ಲಿ ಅಂಬೇಡ್ಕರ್ ಫೋಟೊ ಹಾಕಿ, ಮನೆಯಲ್ಲಿ ಜಾತಿ ನೋಡಿಯೇ ಮದುವೆಯಾಗುವುದು ಕೂಡ ಅಗ್ಗದ ಕೃಪೆಯೇ ತಾನೆ?

ಕನಸಿನ ಸಂಘಟನೆ, ಎದುರಿಗಿರುವ ಮನುಷ್ಯರು

1934ರಲ್ಲಿ ಲಂಡನ್‌ನಲ್ಲಿದ್ದಾಗ ಅವರು ಗಾಂಧೀಜಿಗೆ ಪತ್ರ ಬರೆದಿದ್ದರು. ಯುರೋಪಿನ ಕ್ರೈಸ್ತರು ಮರೆತ ಅಹಿಂಸೆಯನ್ನೂ ಸಾಮೂಹಿಕ ಬದುಕನ್ನೂ ಭಾರತದಲ್ಲಿ ಕಲಿಯುವ ಆಸೆ. ಬನ್ನಿ ಎಂದು ಗಾಂಧಿ ಉತ್ತರಿಸಿದರು. ಆದರೆ ನಾಜಿ ಚರ್ಚನ್ನು ಒಪ್ಪದ ಪಾದ್ರಿಗಳು ಕಟ್ಟಿಕೊಂಡಿದ್ದ ‘ಕನ್ಫೆಸಿಂಗ್ ಚರ್ಚ್’ನಿಂದ ಯುವ ಪಾದ್ರಿಗಳಿಗೆ ತರಬೇತಿ ಕೊಡುವ ಕರೆ ಬಂತು. ಭಾರತ ಪ್ರವಾಸ ನಿಂತಿತು. 1935ರಿಂದ ಫಿಂಕನ್‌ವಾಲ್ಡೆ ಎಂಬಲ್ಲಿ ಆಶ್ರಮದಂಥ ಸೆಮಿನರಿ ನಡೆಸಿದರು. 1937ರಲ್ಲಿ ಗೆಸ್ಟಾಪೊ ಅದನ್ನು ಮುಚ್ಚಿಸಿತು.

ಆ ಅನುಭವದಿಂದ ಬರೆದ ಪುಟ್ಟ ಪುಸ್ತಕವನ್ನು ಚಳವಳಿಯಲ್ಲಿರುವ ಎಲ್ಲರೂ ಓದಬೇಕು. ಅವರ ವಾದ ಹೀಗಿದೆ: ಸಮುದಾಯ ಹೇಗಿರಬೇಕು ಎಂಬ ತನ್ನ ಕನಸನ್ನು, ಎದುರಿಗಿರುವ ಸಮುದಾಯಕ್ಕಿಂತ ಹೆಚ್ಚು ಪ್ರೀತಿಸುವವನು ಕೊನೆಗೆ ಆ ಸಮುದಾಯವನ್ನೇ ಒಡೆಯುತ್ತಾನೆ, ಅವನ ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಜೊತೆಗಿರುವ ಈ ಅರೆಬರೆ ಮನುಷ್ಯರೇ ನಮಗೆ ಸಿಕ್ಕ ಕೊಡುಗೆ. ಸಭಾಪಾಲಕನಾದವನು ತನ್ನ ಸಭೆಯ ಬಗ್ಗೆ ದೂರುತ್ತಾ ಕೂರಬಾರದು, ದೇವರ ಬಳಿಯೂ ಸಹ. ಫಿಂಕನ್‌ವಾಲ್ಡೆಯಲ್ಲಿ ಅವರು ಇಟ್ಟಿದ್ದ ಒಂದು ನಿಯಮವೇ ಇತ್ತು: ಎದುರಿಗಿಲ್ಲದವರ ಬಗ್ಗೆ ಮಾತಾಡಬಾರದು, ಬಾಯಿತಪ್ಪಿ ಆಡಿದರೆ ಅವರಿಗೇ ಹೋಗಿ ಹೇಳಬೇಕು. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಇದನ್ನು ಒಂದು ವಾರ ಪಾಲಿಸಿ ನೋಡಬಹುದು.

ಗಮನಿಸಿ, ಪ್ರಭುತ್ವದ ಎದುರು ದೂರು ಬೇಡ ಎಂದು ಅವರು ಹೇಳಲಿಲ್ಲ. ಜೊತೆಗಾರರ ಬಗ್ಗೆ ಕೃತಜ್ಞತೆ, ಅಧಿಕಾರದ ಎದುರು ಪ್ರಶ್ನೆ. ನಾವು ಎಷ್ಟೋ ಸಲ ಇದನ್ನು ತಿರುಗುಮುರುಗು ಮಾಡುತ್ತೇವೆ.

ವಾಪಸ್ ಹೊರಟ ಹಡಗು

1939ರ ಜೂನ್‌ನಲ್ಲಿ ಗೆಳೆಯರು ಅವರನ್ನು ನ್ಯೂಯಾರ್ಕ್‌ಗೆ ಕರೆಸಿಕೊಂಡರು. ಜೀವ ಉಳಿಯಿತು, ಕೆಲಸವೂ ಸಿಕ್ಕಿತ್ತು. ಆದರೆ ತಿಂಗಳೊಪ್ಪತ್ತಿನಲ್ಲಿ ಅವರು ಹಿಂತಿರುಗಿದರು. ಜನರ ಕಷ್ಟದಲ್ಲಿ ಪಾಲು ಪಡೆಯದಿದ್ದರೆ ಯುದ್ಧದ ನಂತರ ದೇಶ ಕಟ್ಟುವ ಹಕ್ಕು ತನಗಿರುವುದಿಲ್ಲ ಎಂಬುದು ಅವರ ಕಾರಣ. ಮರಳಿದ ಮೇಲೆ ಭಾವ ಹಾನ್ಸ್ ಫಾನ್ ಡೊನಾನಿ ಮೂಲಕ ಸೇನಾ ಗುಪ್ತಚರ ವಿಭಾಗ ಸೇರಿದರು. ಹಿಟ್ಲರ್ ವಿರೋಧಿ ಸಂಚು ಅಲ್ಲೇ ಬೆಳೆಯುತ್ತಿತ್ತು. 1942ರಲ್ಲಿ ಆ ಗುಂಪು 14 ಜನರನ್ನು, ಬಹುತೇಕ ಯಹೂದಿ ಮೂಲದವರನ್ನು, ಸ್ವಿಟ್ಜರ್ಲೆಂಡಿಗೆ ಸಾಗಿಸಿತು.

ಅದೇ ವರ್ಷದ ಕೊನೆಗೆ ಸಂಚಿನ ಗೆಳೆಯರಿಗಾಗಿ ಅವರು ಒಂದು ಪ್ರಬಂಧ ಬರೆದರು. ಅದರ ಒಂದು ಪ್ರತಿಯನ್ನು ತಂದೆ-ತಾಯಿಯ ಮನೆಯ ಚಾವಣಿಯಲ್ಲಿ ಬಚ್ಚಿಡಲಾಗಿತ್ತು. ಮೂರ್ಖತನದ ಮಾತು ಬರುವುದು ಅದರಲ್ಲೇ. ಇತಿಹಾಸವನ್ನು ಕೆಳಗಿನಿಂದ, ಅಂದರೆ ತುಳಿತಕ್ಕೊಳಗಾದವರ ಕಣ್ಣಿನಿಂದ ನೋಡಲು ಕಲಿತದ್ದನ್ನು ಹತ್ತು ವರ್ಷಗಳ ಗಳಿಕೆ ಎಂದು ಅವರು ಎಣಿಸಿದ್ದೂ ಅದರಲ್ಲೇ. ಉಳ್ಳವರ ಮನೆಯ ಹುಡುಗ ಇದನ್ನು ಕಷ್ಟ ಅನ್ನಲಿಲ್ಲ, ಗಳಿಕೆ ಅಂದರು.

ಜೈಲಿನಿಂದ ಬಂದ ಪತ್ರಗಳು

1943ರ ಏಪ್ರಿಲ್ 5ರಂದು ಬಂಧನ. ಮರಿಯಾ ಫಾನ್ ವೆಡೆಮೆಯರ್ ಜೊತೆ ನಿಶ್ಚಿತಾರ್ಥ ಆಗಿ ಮೂರು ತಿಂಗಳೂ ಕಳೆದಿರಲಿಲ್ಲ. ಬರ್ಲಿನ್‌ನ ಟೆಗೆಲ್ ಜೈಲಿನಿಂದ ಅವರು ಬರೆದ ಪತ್ರಗಳಲ್ಲಿ ಕೆಲವನ್ನು ಕಾವಲುಗಾರರೇ ಕದ್ದು ಹೊರಗೆ ದಾಟಿಸಿದರು. ಆಪ್ತ ಗೆಳೆಯ ಎಬರ್‌ಹಾರ್ಡ್ ಬೆಟ್ಗೆ ಅವನ್ನು 1951ರಲ್ಲಿ ಪ್ರಕಟಿಸಿದರು.

ಕೃತಜ್ಞತೆಯ ಬಗ್ಗೆ ಅವರ ಅತ್ಯಂತ ಸ್ಪಷ್ಟ ಮಾತುಗಳು ಇರುವುದು ಅಲ್ಲಿ. ತಂದೆ-ತಾಯಿಗೆ ಬರೆಯುತ್ತಾ ಅವರು ಹೇಳಿದ್ದರ ಸಾರ ಇಷ್ಟು: ನಾವು ಕೊಡುವುದಕ್ಕಿಂತ ಪಡೆಯುವುದೇ ಎಷ್ಟೋ ಹೆಚ್ಚು. ಸ್ವಂತ ಸಾಧನೆಯನ್ನು ದೊಡ್ಡದು ಮಾಡಿಕೊಂಡು ಇತರರಿಗೆ ಸಲ್ಲಬೇಕಾದ್ದನ್ನು ಮರೆಯುತ್ತೇವೆ. ಬೆಟ್ಗೆಗೆ ಬರೆದ ಪತ್ರದಲ್ಲಿ ಅಗಲಿಕೆಯ ಮಾತಿದೆ. ಪ್ರೀತಿಸಿದವರು ಇಲ್ಲದಾಗ ಆ ಜಾಗ ಖಾಲಿಯೇ ಇರಲಿ, ದೇವರು ತುಂಬುತ್ತಾನೆ ಎಂಬ ಮಾತೂ ಬೇಡ. ಆದರೆ ಕೃತಜ್ಞತೆ ನೆನಪಿನ ನೋವನ್ನು ಮೆಲ್ಲಗೆ ಸಂತೋಷವಾಗಿಸುತ್ತದೆ ಎನ್ನುತ್ತಾರೆ. ‘ಪಾಸಿಟಿವ್ ಆಗಿರಿ’ ಎಂಬ ಬೋಧನೆಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ನೋವನ್ನು ಯಾರೂ ಅಲ್ಲಗಳೆಯುತ್ತಿಲ್ಲ.

ಸೇವೆಯ ಬಗ್ಗೆ ಅವರು ಮುಟ್ಟಿದ ನೆಲೆಯೂ ಇಷ್ಟೇ ನಿಷ್ಠುರ. 1944ರ ಆಗಸ್ಟ್‌ನಲ್ಲಿ ಮಾಡಿಕೊಂಡ ಒಂದು ಪುಸ್ತಕದ ಟಿಪ್ಪಣಿಯಲ್ಲಿ, ಇತರರಿಗಾಗಿ ಬದುಕಿದಾಗ ಮಾತ್ರ ಚರ್ಚು ಚರ್ಚಾಗುತ್ತದೆ ಎಂದರು. ಮೊದಲ ಹೆಜ್ಜೆಯಾಗಿ ಅದು ತನ್ನ ಆಸ್ತಿಯನ್ನೆಲ್ಲ ಬಡವರಿಗೆ ಕೊಡಲಿ. ಪಾದ್ರಿಗಳು ಭಕ್ತರು ಇಷ್ಟಪಟ್ಟು ಕೊಟ್ಟದ್ದರಲ್ಲಿ ಬದುಕಲಿ, ಇಲ್ಲವೇ ಬೇರೆ ಕೆಲಸ ಮಾಡಿ ದುಡಿದು ತಿನ್ನಲಿ. ಅಂದರೆ ಹಂಗಿನ ಬೇರನ್ನೇ ಕಿತ್ತುಹಾಕುವ ಸಲಹೆ. ಇದನ್ನು ಮಠ, ದೇವಸ್ಥಾನ, ದರ್ಗಾ, ಚರ್ಚು ಎಲ್ಲಕ್ಕೂ ಅನ್ವಯಿಸಿ ನೋಡಿ. ಅನುದಾನಕ್ಕೆ ಕೈಚಾಚಿದ ಸಂಸ್ಥೆ ಅಧಿಕಾರಸ್ಥರಿಗೆ ಕಹಿ ಸತ್ಯ ಹೇಳುವುದು ಎಷ್ಟು ಕಷ್ಟ ಎಂಬುದು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

ಯಾರಿಗೆ ಋಣಿ?

ಬಾನ್‌ಹೋಫರ್ ಹೆಸರನ್ನು ಇವತ್ತು ಎಲ್ಲರೂ ಬಳಸುತ್ತಾರೆ. ಅಮೆರಿಕದ ಬಲಪಂಥೀಯ ಕ್ರೈಸ್ತರು ತಮ್ಮ ರಾಜಕೀಯಕ್ಕೆ ಅವರನ್ನು ಎಳೆದುಕೊಂಡಾಗ, 2024ರಲ್ಲಿ ಅವರ ಕುಟುಂಬದ ಮುಂದಿನ ತಲೆಮಾರಿನವರೇ ಬಹಿರಂಗವಾಗಿ ವಿರೋಧಿಸಿದರು. ಹಿಟ್ಲರನನ್ನು ಕೊಲ್ಲುವ ಸಂಚಿಗೆ ಕೈಜೋಡಿಸಿದ್ದನ್ನೂ ಅವರು ಪುಣ್ಯದ ಕೆಲಸ ಎನ್ನಲಿಲ್ಲ. ಅದು ಪಾಪವೇ, ಆದರೂ ಹೊಣೆ ಹೊರಬೇಕು ಎಂದರು. ತಮ್ಮ ಹಿಂಸೆಗೆ ದೇವರ ಸರ್ಟಿಫಿಕೇಟ್ ಹುಡುಕುವವರಿಗೆ ಅವರು ಒದಗುವುದಿಲ್ಲ.

ಸಂಚಿಗಾಗಿ ಆ ಕುಟುಂಬ ಡೀಟ್ರಿಚ್, ಅಣ್ಣ ಕ್ಲಾಸ್ ಮತ್ತು ಇಬ್ಬರು ಅಳಿಯಂದಿರನ್ನು ಒಂದೇ ತಿಂಗಳಲ್ಲಿ ಕಳೆದುಕೊಂಡಿತು. ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದ ಎರಡೇ ವಾರಕ್ಕೆ ಅಮೆರಿಕದ ಸೈನ್ಯ ಅಲ್ಲಿಗೆ ತಲುಪಿತು. ನಾಜಿ ಕಾಲದ ಇಂಥ ಅನ್ಯಾಯದ ತೀರ್ಪುಗಳನ್ನು ಜರ್ಮನಿ ಕಾನೂನು ತಂದು ಸಾರಾಸಗಟಾಗಿ ರದ್ದು ಮಾಡಲು 1998 ಬರಬೇಕಾಯಿತು.

ಹಾಗಾಗಿ ಮುಂದಿನ ಸಲ ಯಾರಾದರೂ ‘ಸ್ವಲ್ಪ ಕೃತಜ್ಞತೆ ಇರಲಿ’ ಅಂದಾಗ ಸಿಟ್ಟಾಗಬೇಕಿಲ್ಲ. ಹೌದು, ಇದೆ ಅನ್ನಿ. ಓದಿಸಿದ್ದು ತೆರಿಗೆ ಕಟ್ಟಿದ ಜನ, ಪಾಠ ಹೇಳಿದ್ದು ಮೇಷ್ಟ್ರು, ಊಟ ಬಡಿಸಿದ್ದು ಹಾಸ್ಟೆಲ್ ಅಡುಗೆಯವರು, ಈ ಹಕ್ಕುಗಳನ್ನು ಗಳಿಸಿಕೊಟ್ಟದ್ದು ಲಾಠಿ ಏಟು ತಿಂದ ಹಿಂದಿನ ತಲೆಮಾರು. ನಾವು ಉಂಡದ್ದು ಅವರ ಮನೆಯಲ್ಲಿ. ಅವರಿಗೆ ಅನ್ಯಾಯವಾದಾಗ ಸುಮ್ಮನಿದ್ದರೆ ಮಾತ್ರ ಅದು ಉಂಡ ಮನೆಗೆ ಎರಡು ಬಗೆದಂತೆ.